ಬೀಗಿತ್ತಿ ಕಿತ್ತ ಹೊನಗೊನ್ನೆ

ಸಂಜಯನಗರದ ಮುಖ್ಯರಸ್ತೆಯಿಂದ ಹಳೆಯ ಗೆದ್ದಲಹಳ್ಳಿಯ ಕಡೆಗೆ ತಿರುಗಿದರೆ ಎರಡು ಎತ್ತರದ ಅಪಾರ್ಟ್‌ಮೆಂಟ್‌ಗಳ ನಡುವೆ ಒಂದು ತಗ್ಗಾದ ಹೆಂಚಿನ ಮನೆ ಕಾಣುತ್ತದೆ. ಮನೆ ಚಿಕ್ಕದು, ಅಂಗಳ ದೊಡ್ಡದು. ಅದು ಮುನಿಕೆಂಪಮ್ಮನವರ ಮನೆ. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ನಾನು ದಿನವೂ ಬೆಳಿಗ್ಗೆ ಆ ದಾರಿಯಲ್ಲಿ ನಡೆಯುತ್ತೇನೆ. ಗೇಟಿನ ಬಳಿ ಎರಡು ನಿಮಿಷ ನಿಲ್ಲುತ್ತೇನೆ. ಎರಡು ನಿಮಿಷವೆಂದು ನಿಂತದ್ದು ಅರ್ಧ ಗಂಟೆಯಾದ ದಿನಗಳೇ ಹೆಚ್ಚು.

ಮುನಿಕೆಂಪಮ್ಮನವರಿಗೆ ಈಗ ಐವತ್ತೆಂಟು. ಗಿಡ್ಡನೆಯ ಗಟ್ಟಿ ಮೈಕಟ್ಟು, ಮಣ್ಣು ಅಂಟಿದ ಉಗುರು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಅವರು ನೆಲ ನೋಡಿಕೊಂಡೇ ನಡೆಯುವವರು. ಖಾಲಿ ಸೈಟಿನಲ್ಲಿ ನಮಗೆ ಬರಿಯ ಹಸಿರು ಕಂಡರೆ ಅವರಿಗೆ ಅಣ್ಣೆ, ಗಣಿಕೆ, ಕಿರುಕಸಾಲೆ, ಹೊನಗೊನ್ನೆ ಎಂದು ಒಂದೊಂದೂ ಬೇರೆಯಾಗಿ ಕಾಣುತ್ತದೆ. ಎಲ್ಲದರಲ್ಲೂ ಒಂದೊಂದು ಹಿಡಿ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಆ ಸಾರಿನ ವಾಸನೆ ಪಕ್ಕದ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯವರೆಗೂ ಏರುತ್ತದೆ ಎಂದು ಅಲ್ಲಿ ವಾಸವಿರುವ ನೂರೀನ್ ಎಂಬ ನನ್ನ ಹಳೆಯ ವಿದ್ಯಾರ್ಥಿನಿಯೇ ಹೇಳಿದ್ದಾಳೆ.

ಇದೇ ಊರಿನಲ್ಲಿ ಹುಟ್ಟಿದವರು ಅವರು. ಈಗ ಬೇಕರಿ, ಔಷಧಿ ಅಂಗಡಿಗಳಿರುವ ಕಡೆ ಅವರ ತಂದೆಯ ರಾಗಿ ಹೊಲವಿತ್ತು. ಹೊಲದ ಬೇಲಿಯಲ್ಲಿ ಕೋಗಿಲೆಗಳು ಗಂಧದ ಹಣ್ಣು ತಿಂದು ಬೀಜ ಉದುರಿಸಿ ಹೋಗುತ್ತಿದ್ದವು. ಮಳೆ ಬಿದ್ದರೆ ಗಂಧದ ಸಸಿಗಳು ತಾವಾಗಿ ಏಳುತ್ತಿದ್ದವು. ಆ ಕಾಲದಲ್ಲಿ ಸ್ವಂತ ಹೊಲದಲ್ಲಿ ಬೆಳೆದರೂ ಗಂಧದ ಮರ ಸರ್ಕಾರದ್ದು. ಮರ ಬಲಿತ ಮೇಲೆ ಯಾರಾದರೂ ಕದ್ದರೆ ಹೊಲದವನೇ ಉತ್ತರ ಹೇಳಬೇಕು. ಆ ಉಸಾಬರಿಯೇ ಬೇಡವೆಂದು ತಂದೆ ಗೇಣುದ್ದದ ಸಸಿಗಳನ್ನು ಕಂಡಕಂಡಲ್ಲಿ ಕಿತ್ತುಹಾಕುತ್ತಿದ್ದರು. ಏಳು ವರ್ಷದ ಮುನಿಕೆಂಪಮ್ಮ ಒಂದು ಸಸಿಯನ್ನು ಬಚ್ಚಿಟ್ಟು, ತೆಂಗಿನ ಚಿಪ್ಪಿನಲ್ಲಿ ನೆಟ್ಟು, ದಿನವೂ ನೀರು ಹಾಕಿದಳು. ಅದು ಸ್ವಲ್ಪ ಕಾಲ ಚಿಗುರಿ, ಆಮೇಲೆ ಹಳದಿಯಾಗಿ ಒಣಗಿಹೋಯಿತು. ಏಕೆ ಒಣಗಿತೆಂದು ಆಗ ಯಾರೂ ಹೇಳಲಿಲ್ಲ.

ಉತ್ತರ ಸಿಕ್ಕಿದ್ದು ಇಪ್ಪತ್ತೈದು ವರ್ಷಗಳ ಮೇಲೆ. ಹೆಬ್ಬಾಳದ ಆಚೆ ನಾಗಲಿಂಗಪ್ಪ ಎಂಬುವರ ಸಸ್ಯ ನರ್ಸರಿಯಲ್ಲಿ ಅವರು ಕೆಲಸಕ್ಕೆ ಸೇರಿದರು. ಅಲ್ಲಿ ಬೈರಣ್ಣ ಎಂಬ ಹಿರಿಯ ಮಾಲಿ ಇದ್ದ. ಗಂಧದ ಸಸಿಯನ್ನು ಮಣ್ಣು ತುಂಬಿದ ಪ್ಲಾಸ್ಟಿಕ್ ಕವರಿಗೆ ಇಳಿಸುವಾಗ ಆತ ಪ್ರತಿ ಕವರಿನಲ್ಲೂ ಒಂದು ತುಂಡು ಹೊನಗೊನ್ನೆ ಚುಚ್ಚುತ್ತಿದ್ದ. ಇವರು ಅದನ್ನು ಕಳೆಯೆಂದು ತಿಳಿದು ಕೀಳಹೋದಾಗ ಬೈರಣ್ಣ ಕೈ ಹಿಡಿದು ನಿಲ್ಲಿಸಿ, ಒಂದು ಕವರನ್ನು ಹರಿದು, ಮಣ್ಣು ತೊಳೆದು, ಬೇರು ತೋರಿಸಿದನಂತೆ. ಗಂಧದ ಬೇರಿನಲ್ಲಿ ಸಾಸಿವೆಯಷ್ಟು ಗುಂಡಗಿನ ಗಂಟುಗಳು. ಆ ಗಂಟುಗಳು ಹೊನಗೊನ್ನೆಯ ಬೇರನ್ನು ಕಚ್ಚಿ ಹಿಡಿದಿದ್ದವು.

ಈ ಸಂಗತಿಯನ್ನು ಅವರು ನನಗೆ ವಿವರಿಸಿದ ರೀತಿಯನ್ನು ನಾನು ಮರೆಯಲಾರೆ.

“ಗಂಧದ ಎಲೆ ಅಸ್ರಾಗಿ ಐತಲ್ಲ ಮೇಷ್ಟ್ರೇ, ಬಿಸಿಲಲ್ಲಿ ಅಡಿಗೆ ಅದೇ ಮಾಡ್ಕೊಂತದೆ. ಆದ್ರೆ ನೀರು, ಉಪ್ಪು ಪಕ್ಕದ ಮನೆಯಿಂದ್ಲೇ ತರ್ಬೇಕು. ಪಕ್ಕದಾಗೆ ಮನೆ ಇಲ್ದಿದ್ರೆ ಒಲೆ ಅಚ್ಚಿ ಏನ್ ಮಾಡ್ತದೆ?”

ಹೀರುಬೇರು, ಅರೆಪರಾವಲಂಬಿ ಎಂದು ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಒಂದು ದಿನವೂ ಒಲೆಯ ಮಾತು ನನಗೆ ಹೊಳೆದಿರಲಿಲ್ಲ.

ಅವರ ಅಂಗಳದಲ್ಲಿ ಈ ಪಾಠದ ಉಳಿದ ಅಧ್ಯಾಯಗಳೂ ಇವೆ. ಮಾವಿನ ಕೊಂಬೆಯ ಮೇಲೆ ಬಂದಳಿಕೆ ಕುಳಿತಿದೆ. ಬಾವಿಕಟ್ಟೆಯ ಕೊಳೆತ ಹಲಗೆಯ ಮೇಲೆ ಮಳೆಗಾಲದಲ್ಲಿ ಅಣಬೆ ಏಳುತ್ತದೆ. “ಇದು ಸತ್ತಿರೋದನ್ನ ತಿಂದು ಬದುಕ್ತದೆ, ಪಾಪದ್ದು. ಅಗೋ ಅದು ಬದುಕಿರೋದನ್ನ ತಿಂತದೆ” ಎಂದು ಮುನಿಕೆಂಪಮ್ಮ ಬಂದಳಿಕೆಯ ಕಡೆ ಕುಡುಗೋಲು ತೋರಿಸುತ್ತಾರೆ. “ಆದ್ರೆ ಅದ್ರ ಹೂವಿಗೆ ಹಕ್ಕಿ ಬರ್ತದೆ. ಅದಕ್ಕೇ ಒಂದು ಕೊಂಬೆ ಬಿಟ್ಟಿದೀನಿ.”

ಇಪ್ಪತ್ತಾರು ವರ್ಷ ಅವರು ಊರವರಿಗೆಲ್ಲ ಗಂಧದ ಸಸಿ ಬೆಳೆಸಿಕೊಟ್ಟರು. ಈ ನಡುವೆ ಕಾನೂನು ಬದಲಾಯಿತು, ಗಂಧ ಬೆಳೆದವನದೇ ಆಯಿತು. ಆಗ ಅವರ ಮನಸ್ಸಿನಲ್ಲಿ ಒಂದು ಆಸೆ ಮೊಳೆಯಿತು. ಅಪ್ಪ ಕಿತ್ತುಹಾಕಿದಷ್ಟು ಸಸಿಗಳನ್ನು ತಾನು ಒಂದು ದಿನ ಕೈಯಾರೆ ಹಂಚಬೇಕು, ಅದೂ ಕಿರಿಯ ಮಗಳು ಶಿಲ್ಪಳ ಮದುವೆಯಲ್ಲಿ. ತೆಂಗಿನಕಾಯಿಯ ತಾಂಬೂಲದ ಬದಲು ಮನೆಗೊಂದು ಗಂಧದ ಸಸಿ ಕೊಡಬೇಕು. ಶಿಲ್ಪ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಮದುವೆಯ ಮಾತು ಎದ್ದೊಡನೆಯೇ ತಾಯಿ ಬೀಜ ನೆನೆಹಾಕಿದರು. ಗಂಡು ಗೊತ್ತಾಗುವ ಮೊದಲೇ ಸಸಿ ಕವರಿಗೆ ಇಳಿದಿತ್ತು.

ಗಂಡು ಗೊತ್ತಾದದ್ದು ಚಿಕ್ಕಬಾಣಾವರದಲ್ಲಿ. ಹುಡುಗ ವಾಸು, ಎಲೆಕ್ಟ್ರಿಷಿಯನ್. ತಾಯಿ ರಾಧಾಮಣಿ ಅಚ್ಚುಕಟ್ಟಿನ ಹೆಂಗಸು. ಎಲ್ಲಿ ಕುಳಿತರೂ ಮುಂದಿನ ಟೀಪಾಯಿಯ ಧೂಳನ್ನು ಸೆರಗಿನಿಂದ ಒರೆಸುವವರು. ಒಳ್ಳೆಯ ಮನಸ್ಸು, ಸುಮ್ಮನಿರಲಾರದ ಕೈ. ಮಾಘಮಾಸಕ್ಕೆ ಲಗ್ನ ನಿಶ್ಚಯವಾಯಿತು.

ಕಾರ್ತಿಕದ ಕೊನೆಯಲ್ಲಿ ಒಂದು ದಿನ ರಾಧಾಮಣಿ ಸೀರೆಯ ವಿಚಾರ ಮಾತನಾಡಲೆಂದು ಗೆದ್ದಲಹಳ್ಳಿಗೆ ಬಂದರು. ಆ ಹೊತ್ತಿಗೆ ಮುನಿಕೆಂಪಮ್ಮ ನರ್ಸರಿಯಲ್ಲಿದ್ದರು. ಮನೆಯಲ್ಲಿದ್ದವರು ಅವರ ಯಜಮಾನರು ವೆಂಕಟೇಶಪ್ಪ. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸಿ ನಿವೃತ್ತರಾದವರು. ಕಬ್ಬಿಣದ ವಿಷಯ ಕೇಳಿ, ಹೇಳುತ್ತಾರೆ. ಗಿಡದ ವಿಷಯ ಕೇಳಬಾರದು. ರಾಧಾಮಣಿ ಅಂಗಳದಲ್ಲಿ ಸಾಲಾಗಿ ಜೋಡಿಸಿದ್ದ ನೂರೈವತ್ತು ಕವರುಗಳನ್ನು ನೋಡಿದರು. ಪ್ರತಿಯೊಂದರಲ್ಲೂ ಗಂಧದ ಸಸಿಯ ಬುಡ ಮುಚ್ಚುವಷ್ಟು ಹೊನಗೊನ್ನೆ ಸೊಪ್ಪು!

“ಏನ್ ಬೀಗ್ರೇ, ಇಷ್ಟೊಂದು ಕಳೆ ಬೆಳ್ಕೊಂಡಿದೆ? ಪಾಪ, ನಮ್ಮ ಬೀಗಿತ್ತಿಗೆ ಮದುವೆ ಗಡಿಬಿಡೀಲಿ ಟೈಮೇ ಸಿಕ್ಕಿಲ್ಲ.”

“ಊಂ, ಅವಳಿಗೆ ಕೆಲ್ಸ ಜಾಸ್ತಿ” ಎಂದರು ವೆಂಕಟೇಶಪ್ಪ.

“ಕಿತ್ಬಿಡ್ಲಾ? ಒಳ್ಳೆ ಹೊನಗೊನ್ನೆ ಕಣ್ರೀ, ಕಣ್ಣಿಗೆ ತಂಪು. ಸಾರಿಗೂ ಆಗುತ್ತೆ.”

“ಅಯ್ಯೋ, ಕೇಳೋದೇನವ್ವಾ? ನಿಮ್ದೇ ಅಂದ್ಕೊಂಡು ಕಿತ್ಕೊಳ್ಳಿ” ಎಂದು ಆ ಪುಣ್ಯಾತ್ಮ ಬುಟ್ಟಿಯನ್ನೂ ತಂದುಕೊಟ್ಟರು. ಕೂರಲು ಒಂದು ಮಣೆಯನ್ನೂ ಕೊಟ್ಟರು.

ರಾಧಾಮಣಿ ಅರೆಬರೆ ಕೆಲಸ ಮಾಡುವವರಲ್ಲ. ಎರಡೂವರೆ ಗಂಟೆ ಕುಳಿತು, ಒಂದೊಂದು ಕವರಿಗೂ ಬೆರಳು ಹಾಕಿ, ಹೊನಗೊನ್ನೆಯನ್ನು ಬೇರುಸಹಿತ ಎಳೆದು, ಮಣ್ಣು ಕೊಡವಿ, ಬುಡ ಅದುಮಿ, ಸಾಲು ನೇರಮಾಡಿ ಹೋದರು.

ಸಂಜೆ ಮನೆಗೆ ಬಂದ ಮುನಿಕೆಂಪಮ್ಮ ಗೇಟಿನಲ್ಲಿಯೇ ನಿಂತುಬಿಟ್ಟರು. ಹೊನಗೊನ್ನೆಯನ್ನು ಅವರೂ ವಾರಕ್ಕೊಮ್ಮೆ ಕೊಯ್ಯುತ್ತಿದ್ದರು, ಆದರೆ ತುದಿ ಮಾತ್ರ. ಸೊಪ್ಪು ಹಬ್ಬಿ ಸಸಿಯನ್ನು ಮುಚ್ಚಬಾರದು, ಬೇರೂ ಸಾಯಬಾರದು. ಈಗ ಬೇರೇ ಹೋಗಿತ್ತು. ಅದರ ಜೊತೆಗೆ ಅದನ್ನು ಕಚ್ಚಿ ಹಿಡಿದಿದ್ದ ಗಂಧದ ಎಳೆಬೇರೂ ಹರಿದಿತ್ತು. ಮದುವೆಗೆ ಹತ್ತು ವಾರ ಉಳಿದಿತ್ತು.

“ಯಾರು ಕಿತ್ತಿದ್ದು?”

“ಬೀಗಿತ್ತಿ. ಎಷ್ಟ್ ಚೆಂದ ಕ್ಲೀನ್ ಮಾಡವ್ರೆ ನೋಡು” ಎಂದರು ಯಜಮಾನರು, ಹೆಮ್ಮೆಯಿಂದ.

ಮುನಿಕೆಂಪಮ್ಮ ಮಣೆಯ ಮೇಲೆ ಕುಳಿತು ಒಂದೊಂದೇ ಕವರಿನ ಮಣ್ಣು ಕೆದಕಿ ನೋಡಿದರಂತೆ. ಬೇರೆ ಯಾರಾದರೂ ಆಗಿದ್ದರೆ ಅಟ್ಟಿಸಿಕೊಂಡು ಹೋಗುತ್ತಿದ್ದರು. ಬೀಗಿತ್ತಿಗೆ ಏನೆಂದು ಹೇಳುವುದು? ಮದುವೆಗೆ ಮುಂಚೆ ಬೀಗರ ಮನಸ್ಸಿಗೆ ಒಂದು ಮುಳ್ಳು ಚುಚ್ಚಿದರೆ ಅದು ಮಗಳ ಸಂಸಾರದಲ್ಲಿ ಕೀವಾಗುತ್ತದೆ ಎಂಬ ಭಯ.

ಮರುದಿನ ಬೆಳಿಗ್ಗೆ ಇನ್ನೊಂದು ಪರೀಕ್ಷೆ ಕಾದಿತ್ತು. ಭಾವೀ ಅಳಿಯ ವಾಸು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬೈಕ್ ನಿಲ್ಲಿಸಿ ಒಂದು ಸ್ಟೀಲ್ ಡಬ್ಬಿ ಕೊಟ್ಟ. “ಅಮ್ಮ ಕಳ್ಸಿದ್ದಾರೆ ಅತ್ತೆ. ನಿಮ್ಮ ಅಂಗಳದ ಸೊಪ್ಪಿನದೇ ಬಸ್ಸಾರು. ತಿಂದು ಹೆಂಗಿದೆ ಹೇಳ್ಬೇಕಂತೆ.”

ಮುನಿಕೆಂಪಮ್ಮ ಆ ಸಾರನ್ನು ಮುದ್ದೆಯೊಂದಿಗೆ ಉಂಡರು. ಫೋನ್ ಮಾಡಿ, “ಭಾಳ ಚೆನ್ನಾಗಿತ್ತು ಬೀಗ್ರೇ” ಎಂದರು. ಫೋನ್ ಇಟ್ಟ ಮೇಲೆ ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡರು. ನಾನು ಅದೇ ಹೊತ್ತಿಗೆ ಗೇಟಿನ ಬಳಿ ಬಂದೆ. ನನಗೆ ಎಲ್ಲವೂ ತಿಳಿದದ್ದು ಹಾಗೆ.

“ಬೀಗಿತ್ತಿಗೆ ನಿಜ ಹೇಳಿಬಿಡಿ” ಎಂದೆ.

“ಎಂಗೆ ಏಳೋದು ಮೇಷ್ಟ್ರೇ? ಅವ್ರು ಪ್ರೀತಿಯಿಂದ ಕಿತ್ತವ್ರೆ. ಸಿಟ್ಟಲ್ಲಿ ಕಿತ್ತಿದ್ರೆ ಬೈಬೋದಿತ್ತು.”

ಅಂದಿನಿಂದಲೇ ಅವರು ಕೆಲಸಕ್ಕೆ ತೊಡಗಿದರು. ನರ್ಸರಿಯ ತೊಟ್ಟಿಯ ಬಳಿ ಬೆಳೆದಿದ್ದ ಹೊನಗೊನ್ನೆಯನ್ನು ನಾಗಲಿಂಗಪ್ಪನವರನ್ನು ಕೇಳಿ ತಂದು, ಗೆಣ್ಣು ಗೆಣ್ಣಾಗಿ ಕತ್ತರಿಸಿ ಚುಚ್ಚಿದರು. ಸುಮಾರು ತೊಂಬತ್ತು ಕವರಿಗಾಯಿತು. ಮೂವತ್ತರಷ್ಟು ಕವರುಗಳಲ್ಲಿ ಹಳೆಯ ಬೇರೇ ಒಂದಿಷ್ಟು ತುಂಡಾಗಿ ಉಳಿದಿತ್ತು, ಅದು ಮತ್ತೆ ಚಿಗುರಿತು. ಉಳಿದ ಮೂವತ್ತು ಹಾಗೆಯೇ ಇದ್ದವು. ಧನುರ್ಮಾಸದ ಹೊತ್ತಿಗೆ ಗಂಧದ ಎಲೆಗಳು ಹಳದಿಯಾಗಿ ಉದುರತೊಡಗಿದವು. ಕೆಲವು ಸಸಿಗಳು ಬರಿಯ ಕಡ್ಡಿಯಾದವು. ಮುನಿಕೆಂಪಮ್ಮ ಅವುಗಳನ್ನು ಮಾವಿನ ನೆರಳಿಗೆ ಸರಿಸಿ, ಬೆಳಿಗ್ಗೆ ಸಂಜೆ ಚಿಮುಕಿಸಿದಷ್ಟೇ ನೀರು ಕೊಟ್ಟು ಕಾದರು. ಹೀರುಬೇರು ಹೊಸದಾಗಿ ಹುಟ್ಟಿ, ಹೊಸ ಹೊನಗೊನ್ನೆಯನ್ನು ಹುಡುಕಿ ಹಿಡಿಯಬೇಕು. ಅದು ಮಣ್ಣಿನೊಳಗೆ ನಡೆಯುವ ಕೆಲಸ. ಮೇಲಿನಿಂದ ಯಾರೂ ನೋಡಲಾರರು, ಅವಸರಿಸಲಾರರು.

“ಅಮ್ಮಾ, ತೆಂಗಿನಕಾಯಿ ಆರ್ಡರ್ ಮಾಡ್ಬಿಡೋಣ” ಎಂದಳು ಶಿಲ್ಪ.

“ಸುಮ್ಕಿರು. ನಾನು ಏಳು ವರ್ಸದಿಂದ ಕಾಯ್ತಿರೋದು ತೆಂಗಿನಕಾಯಿಗಲ್ಲ.”

“ಏಳು ವರ್ಷದಿಂದ್ಲಾ? ನನಗೆ ಆಗ ಇಪ್ಪತ್ತೇ ಕಣಮ್ಮ!”

“ನನ್ನ ಏಳನೇ ವರ್ಸದಿಂದ ಕಣೇ.”

ಇಷ್ಟರಲ್ಲಿ ಚಿಕ್ಕಬಾಣಾವರದಿಂದ ಫೋನ್ ಬಂತು. ರಾಧಾಮಣಿಯವರ ಧ್ವನಿಯಲ್ಲಿ ಉತ್ಸಾಹ ತುಂಬಿತ್ತು. “ಬೀಗ್ರೇ, ಕಳೆ ಮತ್ತೆ ಬಂದಿರುತ್ತೆ ಅಲ್ವಾ? ಭಾನುವಾರ ನಾನೇ ಬರ್ತೀನಿ. ನನ್ನ ನಾದಿನೀನೂ ಕರ್ಕೊಂಡ್ ಬರ್ತೀನಿ. ಇಬ್ರೂ ಕೂತ್ರೆ ಒಂದೇ ಗಂಟೇಲಿ ನುಣ್ಣಗೆ ಮಾಡ್ಬಿಡ್ತೀವಿ!”

ಮುನಿಕೆಂಪಮ್ಮನವರ ಕೈಯಲ್ಲಿದ್ದ ಚೊಂಬು ಕೆಳಗೆ ಬಿತ್ತು. ನಾನು ಗೇಟಿನಿಂದಲೇ ಆ ಸದ್ದು ಕೇಳಿದೆ. ವೆಂಕಟೇಶಪ್ಪ ಒಂದು ಉಪಾಯ ಹೇಳಿದರು. “ಎಲ್ಲಾ ಕವರೂ ಹಿತ್ತಿಲಾಗೆ ಬಚ್ಚಿಟ್ಟು ಟಾರ್ಪಾಲ್ ಮುಚ್ಚಿಬಿಡಾನ.”

“ಮುಚ್ಚಿದ್ರೆ ಬಿಸಿಲಿಲ್ದೆ ಇನ್ನೂ ಬೇಗ ಸಾಯ್ತವೆ. ನೀವು ಬಾಯಿ ಮುಚ್ಕೊಳ್ಳಿ, ಅದೇ ಉಪಕಾರ.”

ಭಾನುವಾರ ಬಂದೇಬಿಟ್ಟಿತು. ರಾಧಾಮಣಿ ನಾದಿನಿಯೊಂದಿಗೆ ಬುಟ್ಟಿ ಹಿಡಿದು ಬಂದರು. ಗೊರಗುಂಟೆಪಾಳ್ಯದ ಟ್ರಾಫಿಕ್ಕನ್ನು ಬಯ್ಯುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನನ್ನನ್ನು ಮುನಿಕೆಂಪಮ್ಮ ಬೇಕೆಂದೇ ಕಾಫಿಗೆ ಕರೆದಿದ್ದರು. ಕಷ್ಟ ಬಂದರೆ ನಾಲ್ಕು ಮಾತು ಆಡಲಿ ಎಂದು ಕರೆದರೆಂದು ಭಾವಿಸಿದ್ದೆ. ಆದರೆ ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಅವರು ಮೊದಲು ಬೀಗಿತ್ತಿಗೆ ಅರಿಸಿನ ಕುಂಕುಮ ಕೊಟ್ಟು, ಕಾಫಿ ಕುಡಿಸಿದರು. ಆಮೇಲೆ ಎರಡು ಕವರು ತಂದು, ಬಕೆಟ್ಟಿನ ನೀರಿನಲ್ಲಿ ಅದ್ದಿ, ನಿಧಾನವಾಗಿ ಮಣ್ಣು ಬಿಡಿಸಿದರು. ಒಂದು, ಹಳೆಯ ಹೊನಗೊನ್ನೆ ಉಳಿದು ಚಿಗುರಿದ್ದ ಕವರು. ಇನ್ನೊಂದು, ಒಣಗಿ ಕಡ್ಡಿಯಾದದ್ದು. ಎರಡನ್ನೂ ಮೊರದಲ್ಲಿಟ್ಟು ರಾಧಾಮಣಿಯವರ ಮುಂದೆ ಹಿಡಿದರು.

“ನೋಡಿ ಬೀಗ್ರೇ. ಈ ಗಂಟು ಕಾಣ್ತದಾ? ಇದು ಗಂಧದ್ದು. ಒನಗೊನ್ನೆ ಬೇರನ್ನ ಎಂಗೆ ಇಡ್ಕೊಂಡೈತೆ ನೋಡಿ, ಮಗು ತಾಯಿ ಸೆರಗು ಇಡ್ಕೊಂಡಂಗೆ. ನೀರು ಇಲ್ಲಿಂದ ಬರ್ತದೆ.”

ರಾಧಾಮಣಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆಮೇಲೆ ಒಣಗಿದ ಸಸಿಯ ಬೇರನ್ನು ನೋಡಿದರು. ಅದರಲ್ಲಿ ಹರಿದ ತುದಿಗಳಷ್ಟೇ ಇದ್ದವು. ಬುಟ್ಟಿ ಅವರ ತೊಡೆಯ ಮೇಲಿಂದ ತಾನಾಗಿ ಕೆಳಗಿಳಿಯಿತು.

“ಅಂದ್ರೆ... ಅವತ್ತು ನಾನು ಕಿತ್ತಿದ್ದು ಕಳೆ ಅಲ್ಲ.”

ಮುನಿಕೆಂಪಮ್ಮ ತಲೆ ತಗ್ಗಿಸಿದರು.

“ಮತ್ತೆ ಸಾರು ತಿಂದು ಭಾಳ ಚೆನ್ನಾಗಿತ್ತು ಅಂದ್ರಲ್ಲ ನೀವು!”

“ಚೆನ್ನಾಗೇ ಇತ್ತು ಬೀಗ್ರೇ. ಅದ್ರಲ್ಲಿ ಸುಳ್ಳಿಲ್ಲ. ಅದಕ್ಕೇ ಇನ್ನೂ ಅಳು ಬಂತು.”

ಮೊದಲು ನಕ್ಕವರು ನಾದಿನಿ. ಆಮೇಲೆ ರಾಧಾಮಣಿ. ನಗುತ್ತಾ ನಗುತ್ತಾ ಅವರ ಕಣ್ಣಲ್ಲಿ ನೀರು ಬಂತು. ಅದು ನಗುವಿನದೋ ಅಲ್ಲವೋ ಹೇಳಲಾರೆ. “ಅಯ್ಯೋ ನನ್ನ ಕೈ ಸುಡ್ಲಿ! ಹೇಳ್ಬಾರ್ದೇನ್ರೀ? ಒಂದು ತಿಂಗ್ಳು ಒಳಗೊಳಗೇ ನುಂಗ್ಕೊಂಡಿದ್ರಲ್ಲ, ಎಂಥಾ ಹೆಂಗ್ಸು ನೀವು!” ಎಂದು ಮುನಿಕೆಂಪಮ್ಮನವರ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಆ ಗುದ್ದಿನಿಂದ ಮುನಿಕೆಂಪಮ್ಮನವರಿಗೂ ನಗು ಬಂತು. ವೆಂಕಟೇಶಪ್ಪ ಮಾತ್ರ ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ.

“ಬೀಗ್ರೇ, ಬನ್ನಿ ಆಚೆ. ಮಣೆ ಹಾಕಿ ಕೂರಿಸಿದ್ದು ನೀವೇ ಅಲ್ವಾ? ನಿಮ್ಗೂ ಪಾಲಿದೆ!” ಎಂದು ರಾಧಾಮಣಿಯವರೇ ಕರೆದರು.

ಮೂರನೆಯ ದಿನ ಅವರು ಒಬ್ಬರೇ ಮತ್ತೆ ಬಂದರು, ಈ ಸಲ ರೈಲಿನಲ್ಲಿ. ಚಿಕ್ಕಬಾಣಾವರದ ಅವರ ಹಿತ್ತಿಲಿನಲ್ಲಿ ಕೊಳವೆಬಾವಿಯ ನೀರು ಹರಿಯುವ ಕಾಲುವೆಯುದ್ದಕ್ಕೂ ಹೊನಗೊನ್ನೆ ದಟ್ಟವಾಗಿ ಬೆಳೆದಿತ್ತಂತೆ. ಅದನ್ನು ಒದ್ದೆ ಗೋಣಿಚೀಲದಲ್ಲಿ ತುಂಬಿಕೊಂಡು ಯಶವಂತಪುರಕ್ಕೆ ಇಳಿದು ಆಟೋ ಹಿಡಿದಿದ್ದರು. “ರೈಲಲ್ಲಿ ನಾಲ್ಕು ಜನ ‘ಕಟ್ಟು ಎಷ್ಟಮ್ಮಾ’ ಅಂತ ಕೇಳಿದ್ರು ಕಣ್ರೀ! ಮಾರೋಕಲ್ಲ, ನೆಡೋಕೆ ಅಂದ್ರೆ ನಂಬ್ಲೇ ಇಲ್ಲ. ಒಬ್ಳು ಒಂದು ಹಿಡಿ ಕಿತ್ಕೊಂಡೇ ಹೋದ್ಲು.” ಆ ಇಡೀ ದಿನ ಇಬ್ಬರು ಬೀಗಿತ್ತಿಯರೂ ಮಾವಿನ ನೆರಳಿನಲ್ಲಿ ಕುಳಿತು ಉಳಿದ ಮೂವತ್ತು ಕವರುಗಳಿಗೂ ಗೆಣ್ಣು ಚುಚ್ಚಿದರು. ಅಂದಿನಿಂದ ವಾರಕ್ಕೆರಡು ಸಲ ರಾಧಾಮಣಿಯವರ ಭೇಟಿ ತಪ್ಪಲಿಲ್ಲ. ಸೀರೆಯ ಮಾತು ಹಿಂದೆ ಬಿತ್ತು.

ಸಂಕ್ರಾಂತಿ ಕಳೆದ ಐದನೆಯ ದಿನ. ನಾನು ಗೇಟಿನ ಬಳಿ ಬರುತ್ತಲೇ ಮುನಿಕೆಂಪಮ್ಮ ಮಾತನಾಡದೆ ಕೈ ಸನ್ನೆ ಮಾಡಿ ಕರೆದರು. ಎಲೆಯುದುರಿದ ಒಂದು ಕಡ್ಡಿಯ ಗೆಣ್ಣಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಕೆಂಪು ಛಾಯೆಯ ಚಿಗುರು ಒಡೆದಿತ್ತು. ಪಕ್ಕದ ಕವರಿನಲ್ಲೂ ಇತ್ತು. ಅದರಾಚೆಯದರಲ್ಲೂ ಇತ್ತು. “ಇಡ್ಕೊಂತು ಮೇಷ್ಟ್ರೇ, ಇಡ್ಕೊಂತು!” ಎಂದು ಅವರು ಪಿಸುಗುಟ್ಟಿದರು. ಗಟ್ಟಿಯಾಗಿ ಹೇಳಿದರೆ ಬೇರು ಬಿಟ್ಟುಬಿಟ್ಟೀತೇನೋ ಎಂಬಂತೆ.

ಮದುವೆಯ ಹೊತ್ತಿಗೆ ನೂರ ಹದಿನೆಂಟು ಸಸಿಗಳು ಉಳಿದವು. ಕರೆದಿದ್ದ ಮನೆಗಳು ಇನ್ನೂರರ ಮೇಲೆ. ಮುನಿಕೆಂಪಮ್ಮ, “ಮೊದ್ಲು ಗಂಡಿನ ಕಡೆಯವ್ರಿಗೆ ಕೊಡಾನ” ಎಂದರು. ರಾಧಾಮಣಿ, “ಕಿತ್ತೋರು ನಾವು, ನಮಗೆ ಯಾಕೆ? ಹೆಣ್ಣಿನ ಕಡೆಯವ್ರಿಗೇ ಎಲ್ಲಾ” ಎಂದರು. ಎರಡು ದಿನ ಈ ಜಗಳ ನಡೆಯಿತು. ಕೊನೆಗೆ ರಾಧಾಮಣಿಯವರೇ ಒಂದು ದಾರಿ ಕಂಡುಹಿಡಿದರು. ಯಾವ ಕಡೆಯವರೆಂದು ನೋಡುವುದು ಬೇಡ, ಗಿಡ ಉಳಿಸುವವರಿಗೆ ಗಿಡ, ಉಳಿದವರಿಗೆ ತೆಂಗಿನಕಾಯಿ. ಯಾರು ಉಳಿಸುತ್ತಾರೆಂದು ತಿಳಿಯುವ ಕೆಲಸವನ್ನು ಅವರೇ ವಹಿಸಿಕೊಂಡರು.

ಆರ್.ಟಿ. ನಗರದ ಛತ್ರದ ಬಾಗಿಲಲ್ಲಿ, ಕನಕಾಂಬರ ಬಣ್ಣದ ರೇಷ್ಮೆ ಸೀರೆಯುಟ್ಟ ಗಂಡಿನ ತಾಯಿ ಸಸಿಗಳ ಮುಂದೆ ನಿಂತು ಊಟ ಮುಗಿಸಿ ಹೊರಟವರನ್ನೆಲ್ಲ ಪರೀಕ್ಷೆ ಮಾಡತೊಡಗಿದರು.

“ಮನೇಲಿ ಮಣ್ಣಿನ ಜಾಗ ಇದೆಯಾ?”

“ಬಾಲ್ಕನಿ ಇದೆ ಆಂಟಿ.”

“ತೆಂಗಿನಕಾಯಿ ತಗೋ ಮಗಾ. ಮುಂದಿನವರು ಬನ್ನಿ! ಜಾಗ ಇದೆಯಾ? ಸರಿ. ಈ ಸೊಪ್ಪು ಏನು?”

“ಕಳೆ ಅಲ್ವೇನ್ರೀ?”

“ಹಾಂ! ನಾನೂ ಹಾಗೇ ಅಂದ್ಕೊಂಡೆ. ಕಿತ್ತು ಸಾರು ಮಾಡಿ ಬೀಗ್ರಿಗೇ ತಿನ್ಸಿದೆ. ಕೇಳ್ಸ್ಕೊಳ್ಳಿ, ಇದನ್ನ ಕಿತ್ರೆ ಗಂಧ ಸಾಯುತ್ತೆ. ತುದಿ ಚಿವುಟಬಹುದು, ಬೇರು ಮುಟ್ಟಬಾರದು. ನೆಲಕ್ಕೆ ಇಳಿಸುವಾಗ ಪಕ್ಕದಲ್ಲಿ ತೊಗರಿ ಹಾಕಿ, ಆಮೇಲೆ ಒಂದು ಹೊಂಗೆ, ಗಂಧದ ಬೇರು ಹಿಡ್ಕೊಳ್ಳೋಕೆ. ಎಲ್ಲಿ, ಇನ್ನೊಂದ್ಸಲ ಹೇಳಿ?”

ತಾವು ಮಾಡಿದ ತಪ್ಪನ್ನು ಇಷ್ಟು ಸಂತೋಷದಿಂದ ನೂರು ಜನರಿಗೆ ಹೇಳಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ಮದುಮಗ ವಾಸು ಬಾಸಿಂಗ ಸರಿಮಾಡಿಕೊಳ್ಳುತ್ತಾ ಬಂದು ಅತ್ತೆಯನ್ನು ಕೇಳಿದ, “ಅತ್ತೆ, ಈ ಕವರಲ್ಲಿ ಗಂಡ ಯಾರು, ಹೆಂಡ್ತಿ ಯಾರು?”

“ಯಾವುದು ಸುಮ್ಕೆ ಇಡ್ಕೊಂಡು ಹೀರ್ಕೊಂಡು ಉದ್ದ ಆಯ್ತದೋ ಅದು ಗಂಡ” ಎಂದರು ಮುನಿಕೆಂಪಮ್ಮ. ಶಿಲ್ಪ ಬಾಯಿಗೆ ಸೆರಗು ಹಿಡಿದು ನಕ್ಕಳು.

ನನ್ನ ಸರದಿಯೂ ಬಂತು. “ಮೇಷ್ಟ್ರೇ, ಹೇಳಿ, ಈ ಸೊಪ್ಪು ಯಾಕಿದೆ?”

ನಾನು ಗಂಟಲು ಸರಿಮಾಡಿಕೊಂಡು, “ಗಂಧವು ಒಂದು ಅರೆಪರಾವಲಂಬಿ ಸಸ್ಯ. ಅದು ತನ್ನ ಹೀರುಬೇರುಗಳ ಮೂಲಕ...” ಎಂದು ಆರಂಭಿಸಿದೆ.

“ಅದೆಲ್ಲ ಇರ್ಲಿ. ಕೀಳ್ತೀರೋ ಇಲ್ವೋ?”

“ಕೀಳುವುದಿಲ್ಲ ತಾಯಿ.”

“ಪಾಸ್!” ಎಂದು ಕವರು ಕೈಗಿತ್ತರು.

ಸಂಜೆಯ ಹೊತ್ತಿಗೆ ನೂರ ಹದಿನೇಳು ಸಸಿಗಳು ಹೋಗಿದ್ದವು. ಮುನಿಕೆಂಪಮ್ಮ ಖಾಲಿ ಮೇಜನ್ನು ನೋಡುತ್ತಾ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಆಗ ರಾಧಾಮಣಿ ಮೇಜಿನ ಕೆಳಗಿನಿಂದ ಕೊನೆಯ ಕವರನ್ನು ತೆಗೆದರು. ಮೊದಲು ಚಿಗುರೊಡೆದ ಕಡ್ಡಿ ಅದು, ಈಗ ಅದಕ್ಕೆ ಎಂಟು ಎಲೆ. “ಇದು ಯಾರಿಗೂ ಇಲ್ಲ. ಇದು ನಿಮ್ದು” ಎಂದರು.

ಈಗ ಆ ಸಸಿ ಹೆಂಚಿನ ಮನೆಯ ಗೇಟಿನ ಬಲಗಡೆ ನೆಲದಲ್ಲಿದೆ. ಪಕ್ಕದಲ್ಲಿ ತೊಗರಿ ಹೂಬಿಟ್ಟಿದೆ. ಬುಡದಲ್ಲಿ ಹೊನಗೊನ್ನೆ ಹಬ್ಬಿದೆ. ಕಳೆದ ವಾರ ನಾನು ಹೋದಾಗ ಇಬ್ಬರು ಬೀಗಿತ್ತಿಯರೂ ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ರಾಧಾಮಣಿ ಎರಡು ಬೆರಳಿನಿಂದ, ಮಗುವಿನ ಉಗುರು ಕತ್ತರಿಸುವವರಂತೆ, ಒಂದೊಂದೇ ತುದಿ ಚಿವುಟುತ್ತಿದ್ದರು. ಮುನಿಕೆಂಪಮ್ಮ ಕಣ್ಣು ಕೀಳದೆ ಕಾವಲು ಕಾಯುತ್ತಿದ್ದರು.

“ಇಷ್ಟು ಸೊಪ್ಪಿನ ಸಾರು ಎಷ್ಟು ಜನಕ್ಕಾಗುತ್ತದೆ?” ಎಂದು ಕೇಳಿದೆ.

“ನಮ್ಮಿಬ್ರಿಗಾಯ್ತದೆ ಮೇಷ್ಟ್ರೇ” ಎಂದರು ಮುನಿಕೆಂಪಮ್ಮ. “ನಿಮ್ಗೆ ಬೇಕಾದ್ರೆ ಮುಂದಿನ ವಾರ ಬನ್ನಿ. ಚಿಗುರಿರ್ತದೆ.”